ಬೇರಿಂಗಿಗೆ ಕಾಯಲು ಕಣದಲ್ಲಿ ಪುರುಸೊತ್ತಿಲ್ಲ

ನಗರದಲ್ಲೊಂದು ದೊಡ್ಡ ಗೋದಾಮು ಇದ್ದರೆ ಸಾಕು, ಹಳ್ಳಿಯ ಬಿಡಿಭಾಗದ ಅಂಗಡಿಗಳ ಕಾಲ ಮುಗಿಯಿತು ಎಂಬ ಲೇಖನವನ್ನು ಓದಿದೆ. ಒಪ್ಪಲಾರೆ. ಟಿ.ವಿ., ಫ್ರಿಜ್‌ಗೆ ಆ ಲೆಕ್ಕ ಸರಿ; ನಾಲ್ಕು ದಿನ ತಡವಾದರೂ ಯಾರ ಬದುಕೂ ನಿಲ್ಲದು. ಆಳಂದ ತಾಲ್ಲೂಕಿನ ಸರಸಂಬಾದಲ್ಲಿ ತೊಗರಿ ರಾಶಿಯ ನಡುವೆ ಯಂತ್ರದ ಬೇರಿಂಗ್ ಹೋದರೆ ಮಾತೇ ಬೇರೆ. ಕೂಲಿಯವರು ಕಣದಲ್ಲಿ ಸುಮ್ಮನೆ ಕುಳಿತಿರುತ್ತಾರೆ, ಬಾಡಿಗೆ ಯಂತ್ರಕ್ಕೆ ಮುಂದಿನ ಹೊಲದವರು ಕಾಯುತ್ತಿರುತ್ತಾರೆ, ಮೇಲೆ ಮೋಡ.

6205 ಬೇರಿಂಗಿನ ಒಳವ್ಯಾಸ 25 ಮಿ.ಮೀ., 6206ರದ್ದು 30. ಅಂಕಿ ಅಳಿಸಿಹೋದ ಹಳೆಯದನ್ನು ಅಳೆದು ನೋಡಿ ಸರಿಯಾದದ್ದನ್ನು ಕೈಗಿಡುವವನು ಅಂಗಡಿಯವನು. ಮೊಬೈಲಿನಲ್ಲಿ ಒಂದು ಅಂಕಿ ತಪ್ಪಿದರೆ ಬಂದ ಮಾಲು ವಾಪಸ್, ಮತ್ತೆ ಕಾಯುವುದು.

2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ, ತೆರಿಗೆಗಾಗಿಯೇ ರಾಜ್ಯಕ್ಕೊಂದು ಗೋದಾಮು ಇಡುವ ಅಗತ್ಯ ಕಂಪನಿಗಳಿಗೆ ತಪ್ಪಿತು. ಉಳಿತಾಯ ಕಂಪನಿಗೆ, ಕಾಯುವ ಖರ್ಚು ರೈತನಿಗೆ. ಈ ಎರಡನೆಯ ಖರ್ಚು ಲೇಖಕರ ಲೆಕ್ಕದಲ್ಲೆಲ್ಲೂ ಇಲ್ಲ. ರಾಶಿಯ ಹಂಗಾಮಿಗೆ ಮುನ್ನವೇ ಬೆಲ್ಟು, ಬೇರಿಂಗು, ಆಯಿಲ್ ಸೀಲು ಊರಿನ ಅಂಗಡಿಗೆ ತಲುಪಲಿ. ಮಾರದೆ ಉಳಿದದ್ದನ್ನು ಕಂಪನಿಯೇ ವಾಪಸ್ ಪಡೆಯಲಿ.