ಗೇರ್ ಯಾರ ಕೈಯಲ್ಲಿರಬೇಕು?

ಸಂಕ್ರಾಂತಿಯ ಆಸುಪಾಸಿನಲ್ಲಿ ಚುಂಚನಕಟ್ಟೆಯಲ್ಲಿ ಸೇರುವ ದನಗಳ ಜಾತ್ರೆಯನ್ನು ನಮ್ಮ ಸೀಮೆಯ ಮಕ್ಕಳು ನೋಡಿಯೇ ಇರುತ್ತೀರಿ. ಹಳ್ಳಿಕಾರ್ ಎತ್ತಿನ ಜೋಡಿ ನೋಡಲು ಬಂದ ರೈತರು ಹಲ್ಲು ನೋಡುತ್ತಾರೆ, ಹೆಗಲು ಮುಟ್ಟುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಬೆಲೆಯ ಮಾತಿಗೆ ಮೊದಲು ಅವರ ಮನಸ್ಸಿನಲ್ಲಿ ಇರುವುದು ಒಂದೇ ಪ್ರಶ್ನೆ: ಗದ್ದೆಗೋ, ಗಾಡಿಗೋ? ಕೆಸರಿನಲ್ಲಿ ನಿಧಾನವಾಗಿ ಜಗ್ಗುವುದು ಒಂದು ಗುಣ. ರಸ್ತೆಯಲ್ಲಿ ಚುರುಕಾಗಿ ನಡೆಯುವುದು ಇನ್ನೊಂದು ಗುಣ. ಕೆಲಸ ಯಾವುದೆಂದು ತಿಳಿಯದೆ ಎತ್ತು ಕೊಳ್ಳುವವರು ಕಡಿಮೆ. ಯಂತ್ರ ಕೊಳ್ಳುವಾಗ ಮಾತ್ರ ನಾವು ಈ ಪ್ರಶ್ನೆಯನ್ನು ಮರೆತುಬಿಡುತ್ತೇವೆ.

ಈ ವಾರ ಎತ್ತಿಕೊಂಡಿರುವ ವಿಷಯ ಎ.ಟಿ.ವಿ., ಅಂದರೆ ಆಲ್ ಟೆರೇನ್ ವೆಹಿಕಲ್. ಕೆಸರು, ಮರಳು, ಕಲ್ಲು, ದಿಬ್ಬ ಎನ್ನದೆ ಎಲ್ಲ ಬಗೆಯ ನೆಲದ ಮೇಲೆ ಓಡಲೆಂದು ಮಾಡಿದ, ದಪ್ಪ ಟೈರಿನ ನಾಲ್ಕು ಚಕ್ರದ ಪುಟ್ಟ ಗಾಡಿ. ಕೊಡಗಿನ ಕಡೆ ಪ್ರವಾಸ ಹೋದ ಮಕ್ಕಳು ಇದನ್ನು ಕಂಡಿರುತ್ತಾರೆ. ಎಂಜಿನಿಯರಿಂಗ್ ಓದುವ ಅಣ್ಣ ಅಕ್ಕಂದಿರಲ್ಲಿ ಕೆಲವರು ಇದನ್ನು ತಾವೇ ಕಟ್ಟುತ್ತಾರೆ. ಇದಕ್ಕೆ ಕೈಯಿಂದ ಹಾಕುವ ಗೇರ್ ಒಳ್ಳೆಯದೋ, ತಾನೇ ಬದಲಾಗುವ ಆಟೊಮ್ಯಾಟಿಕ್ ಒಳ್ಳೆಯದೋ? ಉತ್ತರ ಹುಡುಕುವ ಮೊದಲು ಗೇರ್ ಮಾಡುವ ಕೆಲಸ ಏನು ಎಂದು ತಿಳಿಯೋಣ.

ಕೊಟ್ಟು ಕೊಳ್ಳುವ ವ್ಯಾಪಾರ

ಎಂಜಿನ್ ತನ್ನ ದಂಡವನ್ನು ಒಂದಿಷ್ಟು ಬಲದಿಂದ ತಿರುಗಿಸುತ್ತದೆ. ಈ ತಿರುಗಿಸುವ ಬಲವೇ ಟಾರ್ಕ್. ಒಂದು ಸಣ್ಣ ಎಂಜಿನ್ನಿನ ಟಾರ್ಕ್ 20 ನ್ಯೂಟನ್ ಮೀಟರ್, ವೇಗ ನಿಮಿಷಕ್ಕೆ 3000 ಸುತ್ತು ಎಂದಿಟ್ಟುಕೊಳ್ಳಿ. ಚಕ್ರದ ತ್ರಿಜ್ಯ 30 ಸೆಂಟಿಮೀಟರ್ ಇರಲಿ.

ಎಂಜಿನ್ 30 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುವಂತೆ ಹಲ್ಲುಚಕ್ರ ಜೋಡಿಸಿದರೆ ಚಕ್ರಕ್ಕೆ ಸಿಗುವ ಟಾರ್ಕ್ 600 ನ್ಯೂಟನ್ ಮೀಟರ್. ಅದನ್ನು ತ್ರಿಜ್ಯದಿಂದ ಭಾಗಿಸಿದರೆ ನೆಲವನ್ನು ಹಿಂದಕ್ಕೆ ತಳ್ಳುವ ಬಲ 2000 ನ್ಯೂಟನ್, ಅಂದರೆ ಸುಮಾರು 200 ಕಿಲೋ ತೂಕದಷ್ಟು. ಆದರೆ ಗಾಡಿಯ ವೇಗ ಗಂಟೆಗೆ 11 ಕಿಲೋಮೀಟರ್ ಮಾತ್ರ. ಅದೇ ಏಳೂವರೆ ಸುತ್ತಿಗೆ ಒಂದು ಸುತ್ತು ಎಂಬಂತೆ ಜೋಡಿಸಿ. ವೇಗ 45 ಕಿಲೋಮೀಟರಿಗೆ ಏರುತ್ತದೆ, ತಳ್ಳುವ ಬಲ 50 ಕಿಲೋಗೆ ಇಳಿಯುತ್ತದೆ. ಘರ್ಷಣೆಯಲ್ಲಿ ಕಳೆದುಹೋಗುವುದನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ.

ಬಲವನ್ನೂ ವೇಗವನ್ನೂ ಗುಣಿಸಿ ನೋಡಿ. ಎರಡೂ ಸಲ ಗುಣಲಬ್ಧ ಹೆಚ್ಚುಕಡಿಮೆ ಒಂದೇ. ಗೇರ್ ಹೊಸದಾಗಿ ಶಕ್ತಿಯನ್ನು ಹುಟ್ಟಿಸುವುದಿಲ್ಲ. ವೇಗವನ್ನು ಕೊಟ್ಟು ಬಲವನ್ನು, ಬಲವನ್ನು ಕೊಟ್ಟು ವೇಗವನ್ನು ಕೊಳ್ಳುತ್ತದೆ. ಆಳು ಸೇರಿ 300 ಕಿಲೋ ತೂಗುವ ಗಾಡಿ 30 ಡಿಗ್ರಿ ಏರನ್ನು ಹತ್ತಬೇಕಾದರೆ 150 ಕಿಲೋ ಬಲ ಬೇಕು. ಮೊದಲನೆಯ ಜೋಡಣೆಯಲ್ಲಿ ಹತ್ತುತ್ತದೆ, ಎರಡನೆಯದರಲ್ಲಿ ನಿಂತುಬಿಡುತ್ತದೆ. ಟ್ರ್ಯಾಕ್ಟರಿನಲ್ಲಿ ಗೇರಿನ ಜೊತೆಗೆ ಹೈ-ಲೋ ಎಂಬ ಇನ್ನೊಂದು ಲಿವರ್ ಇರುವುದೂ ಇದೇ ಕಾರಣಕ್ಕೆ. ಗದ್ದೆಗೆ ಲೋ, ರಸ್ತೆಗೆ ಹೈ.

ಹಾಗಾಗಿ ಮ್ಯಾನ್ಯುಯಲ್ ಇರಲಿ, ಆಟೊಮ್ಯಾಟಿಕ್ ಇರಲಿ, ಮಾಡುವ ವ್ಯಾಪಾರ ಒಂದೇ. ಈ ವ್ಯಾಪಾರವನ್ನು ಯಾವಾಗ ಮಾಡಬೇಕೆಂದು ತೀರ್ಮಾನಿಸುವವರು ಯಾರು ಎಂಬುದಷ್ಟೇ ವ್ಯತ್ಯಾಸ.

ನಮ್ಮ ಊರಿನಲ್ಲೇ ಇರುವ ಮಾದರಿಗಳು

ಮ್ಯಾನ್ಯುಯಲ್ ಗಾಡಿಯಲ್ಲಿ ತೀರ್ಮಾನ ಮನುಷ್ಯನದು. ಅವನು ಕ್ಲಚ್ ಒತ್ತಿ ಎಂಜಿನ್ನನ್ನು ಚಕ್ರದಿಂದ ಬೇರ್ಪಡಿಸಿ, ಗೇರ್ ಬದಲಿಸಿ, ಮತ್ತೆ ಜೋಡಿಸುತ್ತಾನೆ. ಆಟೊಮ್ಯಾಟಿಕ್ ಎನ್ನುವುದು ಒಂದೇ ಬಗೆಯದಲ್ಲ, ಅದರಲ್ಲಿ ಮೆಟ್ಟಿಲುಗಳಿವೆ.

ಹಾಲಿನ ಕ್ಯಾನ್ ಕಟ್ಟಿಕೊಂಡು ಓಡಾಡುವ ಟಿ.ವಿ.ಎಸ್. ಮೊಪೆಡ್ಡನ್ನು ನೋಡಿ. ಅದಕ್ಕೆ ಗೇರ್ ಒಂದೇ. ಅದರಲ್ಲಿ ಕ್ಲಚ್ ಮಾತ್ರ ತಾನೇ ಕೆಲಸ ಮಾಡುತ್ತದೆ. ಎಂಜಿನ್ ಜೋರಾಗಿ ತಿರುಗಿದಾಗ ಒಳಗಿನ ತುಂಡುಗಳು ಹೊರಕ್ಕೆ ಸರಿದು ಸುತ್ತಲಿನ ಬಟ್ಟಲನ್ನು ಕಚ್ಚಿಕೊಳ್ಳುತ್ತವೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳಲ್ಲಿ ಇನ್ನೊಂದು ಜಾಣ್ಮೆ ಇತ್ತು. ಕಿಕ್ ಹೊಡೆಯುವ ಲಿವರನ್ನೇ ಮಡಚಿದರೆ ಅದು ಗೇರ್ ಲಿವರ್ ಆಗುತ್ತಿತ್ತು. ಅದನ್ನು ಒತ್ತುವಾಗ ಕ್ಲಚ್ ತಾನಾಗಿಯೇ ಬಿಡುತ್ತಿದ್ದುದರಿಂದ ಓಡುವಾಗ ಕೈಯ ಕ್ಲಚ್ ಹಿಡಿಯದೆ ಗೇರ್ ಬದಲಿಸಬಹುದಾಗಿತ್ತು. ಗೇರ್ ಆರಿಸುವವನು ಸವಾರ, ಕ್ಲಚ್ ಬಿಡಿಸುವುದು ಯಂತ್ರ. ಇದನ್ನು ಅರ್ಧ ಆಟೊಮ್ಯಾಟಿಕ್ ಎನ್ನಬಹುದು. ಎಷ್ಟೋ ಎ.ಟಿ.ವಿ.ಗಳಲ್ಲಿ ಇರುವುದೂ ಈ ಬಗೆಯದೇ.

ಪೂರ್ತಿ ಆಟೊಮ್ಯಾಟಿಕ್ ಎಂದರೆ ಮನೆಯ ಗೇರಿಲ್ಲದ ಸ್ಕೂಟರ್. ಅದರಲ್ಲಿ ಹಲ್ಲುಚಕ್ರಗಳ ಮೆಟ್ಟಿಲಿನ ಬದಲು ಎರಡು ರಾಟೆಗಳೂ ಒಂದು ಬೆಲ್ಟೂ ಇರುತ್ತವೆ. ಪ್ರತಿ ರಾಟೆಯೂ ಎದುರುಬದುರಾಗಿ ಇಟ್ಟ ಎರಡು ಶಂಕುಗಳಿಂದ ಆಗಿರುತ್ತದೆ. ಎಂಜಿನ್ ವೇಗವಾಗಿ ತಿರುಗಿದಂತೆ ಅದರ ಕಡೆಯ ರಾಟೆಯೊಳಗಿನ ತೂಕಗಳು ಹೊರಕ್ಕೆ ಹೋಗಿ ಶಂಕುಗಳನ್ನು ಹತ್ತಿರಕ್ಕೆ ತಳ್ಳುತ್ತವೆ. ಆಗ ಬೆಲ್ಟ್ ಮೇಲಕ್ಕೆ ಏರಿ ದೊಡ್ಡ ಸುತ್ತು ಹಾಕುತ್ತದೆ, ಹಿಂದಿನ ರಾಟೆಯಲ್ಲಿ ಒಳಕ್ಕೆ ಇಳಿದು ಸಣ್ಣ ಸುತ್ತು ಹಾಕುತ್ತದೆ. ಹೀಗೆ ಗೇರ್ ಅನುಪಾತ ಮೆಟ್ಟಿಲಿಲ್ಲದ ಇಳಿಜಾರಿನಂತೆ ನಯವಾಗಿ ಬದಲಾಗುತ್ತದೆ. ಹಾಲೆಂಡಿನ ಡಾಫ್ ಕಂಪನಿ 1958ರಲ್ಲೇ ಇಂಥ ಬೆಲ್ಟಿನ ಕಾರನ್ನು ತೋರಿಸಿತು. ನಮ್ಮಲ್ಲಿ 1980ರ ದಶಕದ ಮಧ್ಯದಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರು ಇದನ್ನು ಮನೆಮಾತು ಮಾಡಿತು. ಅಮೆರಿಕದ ಪೊಲಾರಿಸ್ ಕಂಪನಿ 1985ರಲ್ಲಿ ತಂದ ಮೊದಲ ಎ.ಟಿ.ವಿ.ಗೂ ಇದೇ ಬೆಲ್ಟ್. ಆ ಕಂಪನಿ 2020ರಲ್ಲಿ ನಮ್ಮ ದೇಶದಲ್ಲಿ ಒಂದು ಎ.ಟಿ.ವಿ.ಯನ್ನು ಕೃಷಿ ಟ್ರ್ಯಾಕ್ಟರ್ ಎಂದೇ ನೋಂದಾಯಿಸಬಹುದಾದ ರೂಪದಲ್ಲಿ ಬಿಡುಗಡೆ ಮಾಡಿತು.

ಒಂದೇ ಎಂಜಿನ್, ಎರಡು ದಾರಿ

ಈ ಆಯ್ಕೆಯನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಯಂತೆ ಎದುರಿಸುವ ಒಂದು ಕಡೆ ಇದೆ. ಅದು ಬಾಹಾ ಸ್ಪರ್ಧೆ. ಅಮೆರಿಕದಲ್ಲಿ 1976ರಲ್ಲಿ ಶುರುವಾದ ಇದು 2007ರಿಂದ ನಮ್ಮ ದೇಶದಲ್ಲೂ ಇಂದೋರ್ ಸಮೀಪದ ಪೀಥಂಪುರದಲ್ಲಿ ನಡೆಯಿತು. ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ಮಕ್ಕಳೂ ತಾವೇ ವೆಲ್ಡಿಂಗ್ ಮಾಡಿದ ಗಾಡಿಗಳನ್ನು ಅಲ್ಲಿಗೆ ಒಯ್ದಿದ್ದಾರೆ. ಎಲ್ಲ ತಂಡಗಳಿಗೂ ಒಂದೇ ಎಂಜಿನ್ ಎಂಬುದು ಅಲ್ಲಿನ ನಿಯಮ. ಬಹಳ ವರ್ಷ ಅದು 305 ಸಿ.ಸಿ.ಯ, ಸುಮಾರು 10 ಅಶ್ವಶಕ್ತಿಯ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಎಂಜಿನ್ ಆಗಿತ್ತು. ಎಂಜಿನ್ ಎಲ್ಲರಿಗೂ ಸಮ ಎಂದಾಗ ಗೆಲುವು ಸೋಲಿನಲ್ಲಿ ಗೇರ್‌ಬಾಕ್ಸಿನ ಪಾತ್ರ ದೊಡ್ಡದಾಗುತ್ತದೆ.

ಎಷ್ಟೋ ತಂಡಗಳು ಸರಕು ಸಾಗಿಸುವ ಮಹೀಂದ್ರ ಆಲ್ಫಾ ಮೂರುಚಕ್ರದ ಗಾಡಿಯ ಗೇರ್‌ಬಾಕ್ಸನ್ನು ಬಳಸಿದವು. ಅದು ಅಗ್ಗ, ಗಟ್ಟಿ, ಬಿಡಿಭಾಗ ಎಲ್ಲ ಊರಿನಲ್ಲೂ ಸಿಗುತ್ತದೆ. ಒಂದು ಜೊತೆ ಹಲ್ಲುಚಕ್ರ ತನಗೆ ಬಂದ ಶಕ್ತಿಯಲ್ಲಿ ನೂರಕ್ಕೆ ಸುಮಾರು 98 ಪಾಲನ್ನು ಮುಂದಕ್ಕೆ ದಾಟಿಸುತ್ತದೆ. ಆದರೆ ಪ್ರತಿ ಸಲ ಗೇರ್ ಬದಲಿಸುವಾಗ ಚಕ್ರಕ್ಕೆ ಶಕ್ತಿ ಒಂದು ಕ್ಷಣ ನಿಲ್ಲುತ್ತದೆ. ಕೆಸರಿನಲ್ಲಿ ಆ ಒಂದು ಕ್ಷಣವೇ ಗಾಡಿ ಹೂತುಹೋಗಲು ಸಾಕು. ಇನ್ನು ಕೆಲವು ತಂಡಗಳು ಬೆಲ್ಟಿನ ಆಟೊಮ್ಯಾಟಿಕ್ ಆರಿಸಿದವು. ಅದರಲ್ಲಿ ಶಕ್ತಿ ಕಡಿಯುವುದಿಲ್ಲ, ಚಾಲಕನ ಗಮನ ಪೂರ್ತಿ ದಾರಿಯ ಮೇಲಿರುತ್ತದೆ. ಆದರೆ ಬೆಲ್ಟ್ ಹಲ್ಲುಚಕ್ರದಂತಲ್ಲ, ಜಾರುತ್ತದೆ, ಬಿಸಿಯಾಗುತ್ತದೆ, ನೀರು ಒಳಹೊಕ್ಕರೆ ಇನ್ನಷ್ಟು ಜಾರುತ್ತದೆ. ಒಳಗಿನ ತೂಕವನ್ನೂ ಸ್ಪ್ರಿಂಗನ್ನೂ ಎಂಜಿನ್ನಿಗೆ ತಕ್ಕಂತೆ ಹೊಂದಿಸಲು ತಾಳ್ಮೆ ಬೇಕು. ನಾಲ್ಕು ಗಂಟೆಯ ಸಹಿಷ್ಣುತಾ ಓಟದಲ್ಲಿ ಇದೆಲ್ಲದರ ಲೆಕ್ಕ ಬೀಳುತ್ತದೆ. ತಮಗೆ ಯಾವ ಕಷ್ಟ ಬರಬಹುದೆಂದು ಮೊದಲೇ ಬರೆದಿಟ್ಟುಕೊಂಡು ಅದಕ್ಕೆ ತಯಾರಾದ ತಂಡಕ್ಕೆ ಎರಡು ದಾರಿಯಲ್ಲಿ ಯಾವುದಾದರೂ ಆದೀತು.

ಏರಿಗಿಂತ ಇಳಿಜಾರು ಕಠಿಣ

ಇನ್ನು ಪ್ರಾಣದ ಮಾತು. ಗಾಡಿ ಏರು ಹತ್ತದಿದ್ದರೆ ನಿಂತುಬಿಡುತ್ತದೆ, ಅಷ್ಟೆ. ಇಳಿಜಾರಿನಲ್ಲಿ ನಿಲ್ಲದಿದ್ದರೆ ಅನಾಹುತ. ಸಣ್ಣ ಗೇರಿನಲ್ಲಿ ಇಳಿಯುವಾಗ ಚಕ್ರವೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಆ ಭಾರ ಗಾಡಿಯನ್ನು ಹಿಡಿದಿಡುತ್ತದೆ. ಇದನ್ನು ಎಂಜಿನ್ ಬ್ರೇಕ್ ಎನ್ನುತ್ತೇವೆ. ಡೀಸೆಲ್ ಉಳಿಯುತ್ತದೆಂದು ನಾಲೆ ಏರಿಯಿಂದ ಟ್ರೈಲರ್ ಸಮೇತ ನ್ಯೂಟ್ರಲ್‌ನಲ್ಲಿ ಇಳಿಸುವವರು ಈ ಹಿಡಿತವನ್ನು ಕೈಯಾರೆ ಬಿಟ್ಟುಕೊಡುತ್ತಾರೆ. ಆಮೇಲೆ ಉಳಿಯುವುದು ಬ್ರೇಕ್ ಮಾತ್ರ. ಬ್ರೇಕ್ ಕಾದಷ್ಟೂ ಅದರ ಹಿಡಿತ ಕುಗ್ಗುತ್ತದೆ.

ಬೆಲ್ಟಿನ ಗಾಡಿಯಲ್ಲಿ ಇದೇ ತೊಂದರೆ ಚಾಲಕನಿಗೆ ಗೊತ್ತಾಗದಂತೆ ಬರಬಹುದು. ವೇಗ ತೀರಾ ಕಡಿಮೆಯಾದಾಗ ರಾಟೆಯ ತೂಕಗಳು ಒಳಸರಿದು ಬೆಲ್ಟಿನ ಹಿಡಿತ ಬಿಟ್ಟರೆ ಎಂಜಿನ್ ಚಕ್ರದಿಂದ ಬೇರೆಯಾಗುತ್ತದೆ. ಅದು ನ್ಯೂಟ್ರಲ್‌ನಲ್ಲಿ ಇಳಿದಂತೆಯೇ. ಇದನ್ನು ತಪ್ಪಿಸುವ ಏರ್ಪಾಡು ಕೆಲವು ಎ.ಟಿ.ವಿ.ಗಳಲ್ಲಿದೆ, ಎಲ್ಲದರಲ್ಲಿ ಇಲ್ಲ. ಕೊಳ್ಳುವ ಮುನ್ನ ಕೇಳಲೇಬೇಕಾದ ಪ್ರಶ್ನೆ ಇದು. ಆಟೊಮ್ಯಾಟಿಕ್ ಎ.ಟಿ.ವಿ.ಯಲ್ಲೂ ಸಾಮಾನ್ಯವಾಗಿ ಹೈ-ಲೋ ಲಿವರ್ ಇರುತ್ತದೆ. ಇಳಿಯಲು ಶುರುಮಾಡುವ ಮೊದಲೇ, ಗಾಡಿ ನಿಲ್ಲಿಸಿ, ಲೋಗೆ ಹಾಕಬೇಕು.

ಮ್ಯಾನ್ಯುಯಲ್‌ಗೂ ತನ್ನದೇ ಅಪಾಯವಿದೆ. ಕೆ.ಆರ್.ನಗರದ ಗದ್ದೆ ಬಯಲಿನ ಪೋಷಕರು ಇದನ್ನು ಗಮನವಿಟ್ಟು ಓದಬೇಕು. ಟ್ರ್ಯಾಕ್ಟರಿನ ಹಿಂದಿನ ಚಕ್ರ ಕೆಸರಿನಲ್ಲಿ ಹೂತು ಅಲುಗದಂತಾಗಿದೆ ಎನ್ನಿ. ಲೋ ಗೇರ್ ಹಾಕಿ, ಎಂಜಿನ್ ಜೋರು ಮಾಡಿ, ಕ್ಲಚ್ಚನ್ನು ತಟ್ಟನೆ ಬಿಟ್ಟರೆ ಆಗುವುದೇನು? ನ್ಯೂಟನ್ನನ ಮೂರನೆಯ ನಿಯಮವನ್ನು ನೆನಪಿಸಿಕೊಳ್ಳಿ. ಎಂಜಿನ್ ಚಕ್ರವನ್ನು ಮುಂದಕ್ಕೆ ತಿರುಗಿಸಲು ನೋಡಿದರೆ ಟ್ರ್ಯಾಕ್ಟರಿನ ಮೈ ಆಕ್ಸಲಿನ ಸುತ್ತ ಹಿಂದಕ್ಕೆ ತಿರುಗಲು ನೋಡುತ್ತದೆ. ಚಕ್ರ ತಿರುಗದಿದ್ದರೆ ಮೈ ತಿರುಗುತ್ತದೆ. ಮೂತಿ ಮೇಲೆದ್ದು, ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ, ಓಡಿಸುವವನು ಅಡಿಯಾಗುತ್ತಾನೆ. ಕ್ಲಚ್ ಎಷ್ಟು ನಿಧಾನವಾಗಿ ಬಿಡಬೇಕೆಂಬುದನ್ನು ಕಾಲಿಗೆ ಕಲಿಸಲು ತಿಂಗಳುಗಳು ಬೇಕು. ಹೂತ ಗಾಡಿಯನ್ನು ಹಿಂದಕ್ಕೆ ತೆಗೆಯಲು ನೋಡಬೇಕು. ಆಗದಿದ್ದರೆ ಎಂಜಿನ್ ನಿಲ್ಲಿಸಿ ಗುದ್ದಲಿ ಹಿಡಿಯಬೇಕು.

ಪೋಷಕರಿಗೆ ನಾಲ್ಕು ಮಾತು

ಗೇರ್ ಇಲ್ಲ, ಅಷ್ಟೇನೂ ಅಪಾಯವಿಲ್ಲ ಎಂಬ ನಂಬಿಕೆಯಿಂದ ಮಕ್ಕಳ ಕೈಗೆ ಗಾಡಿ ಕೊಡುವುದು ಎಲ್ಲೆಲ್ಲೂ ಕಾಣುತ್ತದೆ. ಗೇರ್ ಇಲ್ಲದಿದ್ದರೆ ಗಾಡಿಯನ್ನು ಹೊರಡಿಸುವುದು ಸುಲಭ. ನಿಲ್ಲಿಸುವುದೂ ತಿರುಗಿಸುವುದೂ ಸುಲಭವಾಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ ಪ್ರಕಾರ 18 ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಓಡಿಸುವಂತಿಲ್ಲ. 50 ಸಿ.ಸಿ. ಮೀರದ ಬೈಕಿಗೆ ಮಾತ್ರ 16 ವರ್ಷದ ವಿನಾಯಿತಿ. ಮಕ್ಕಳು ತಪ್ಪು ಮಾಡಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ ಎಂದು 2019ರ ತಿದ್ದುಪಡಿ ಹೇಳುತ್ತದೆ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸೂ ಸಿಗುವುದಿಲ್ಲ. ಹೊಲ ಗದ್ದೆಯಲ್ಲಿ ಪೊಲೀಸರು ಇರುವುದಿಲ್ಲ, ನಿಜ. ಆದರೆ ನ್ಯೂಟನ್ನನ ನಿಯಮ ಅಲ್ಲೂ ನಡೆಯುತ್ತದೆ.

ದೊಡ್ಡವರ ಕೈಗೆ ಕೊಳ್ಳುವುದಾದರೆ ಇವನ್ನು ಕೇಳಿಕೊಳ್ಳಿ. ಭಾರ ಎಳೆಯಲೋ, ಓಡಾಡಲೋ? ದಾರಿಯಲ್ಲಿ ದೊಡ್ಡ ಇಳಿಜಾರು ಇದೆಯೋ? ನೀರು, ಕೆಸರು ಎಷ್ಟು? ಕೆಟ್ಟರೆ ನಮ್ಮ ಹೋಬಳಿಯ ಮೆಕ್ಯಾನಿಕ್ ರಿಪೇರಿ ಮಾಡಬಲ್ಲನೋ? ದಿನವಿಡೀ ಭಾರ ಎಳೆಯುವ, ನೀರಿಗಿಳಿಯುವ, ಇಳಿಜಾರಿನ ಕೆಲಸಕ್ಕೆ, ಕಲಿತ ಕೈ ಇದ್ದರೆ, ನನ್ನ ಮತ ಮ್ಯಾನ್ಯುಯಲ್‌ಗೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳಂಥ ಕಡೆ ಸಾಲಿನಿಂದ ಸಾಲಿಗೆ ನಿಂತು ನಿಂತು ಹೊರಡುವ ಹಗುರ ಕೆಲಸಕ್ಕೆ, ಒಂದೇ ಗಾಡಿಯನ್ನು ಮನೆಯ ನಾಲ್ಕಾರು ಜನ ಓಡಿಸುವುದಿದ್ದರೆ ಆಟೊಮ್ಯಾಟಿಕ್ ಮೇಲು. ಕ್ಲಚ್ ತಟ್ಟನೆ ಬಿಡುವ ಅಪಾಯವಾದರೂ ಅದರಲ್ಲಿ ತಪ್ಪುತ್ತದೆ.

ಆಟೊಮ್ಯಾಟಿಕ್ ಓಡಿಸುವವನೂ ಗೇರಿನ ಲೆಕ್ಕ ತಿಳಿದಿರಬೇಕು ಎಂಬುದು ನನ್ನ ಕೊನೆಯ ಮಾತು. ರಾಟೆಯೊಳಗಿನ ತೂಕಕ್ಕೆ ಗೊತ್ತಿರುವುದು ಎಂಜಿನ್ನಿನ ವೇಗ, ಸ್ಪ್ರಿಂಗಿಗೆ ಗೊತ್ತಿರುವುದು ಬೆಲ್ಟಿನ ಮೇಲಿನ ಭಾರ. ಮುಂದೆ ಇಳಿಜಾರು ಇದೆ, ಬದು ಕುಸಿದಿದೆ, ನೀರು ಹರಿಯುತ್ತಿದೆ ಎಂಬುದು ಅವೆರಡಕ್ಕೂ ಕಾಣುವುದಿಲ್ಲ. ಅದನ್ನು ಕಾಣುವ ಕಣ್ಣು ಓಡಿಸುವವನದೇ.

ಮನೆಯಲ್ಲೇ ಮಾಡಿ ನೋಡಿ: ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಪೆಡಲ್ ಚಕ್ರದ ಹಲ್ಲು, ಹಿಂದಿನ ಸಣ್ಣ ಚಕ್ರದ ಹಲ್ಲು ಎಣಿಸಿ ಬರೆದುಕೊಳ್ಳಿ. ಹಿಂದಿನ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಪೆಡಲನ್ನು ಕೈಯಿಂದ ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ, ಗುರುತು ಎಷ್ಟು ಸುತ್ತು ಬಂತೆಂದು ಎಣಿಸಿ. ದೊಡ್ಡ ಸಂಖ್ಯೆಯನ್ನು ಚಿಕ್ಕದರಿಂದ ಭಾಗಿಸಿ ತಾಳೆ ನೋಡಿ. 44 ಹಲ್ಲಿಗೆ 18 ಹಲ್ಲು ಇದ್ದರೆ ಎರಡೂವರೆಗೆ ಸ್ವಲ್ಪ ಕಡಿಮೆ ಬರಬೇಕು. ನಿಮ್ಮ ಸೈಕಲ್ ಎಂಜಿನ್ನಿಗೆ ತದ್ವಿರುದ್ಧವಾಗಿ ಬಲವನ್ನು ಕೊಟ್ಟು ವೇಗವನ್ನು ಕೊಳ್ಳುತ್ತದೆ. ಅದು ಏಕೆ ಹಾಗೆ ಎಂದು ಮನೆಯವರೆಲ್ಲ ಕೂತು ಯೋಚಿಸಿ.