ಬಾನೆಟ್ ಎತ್ತಿ, ಕನ್ನಡದಲ್ಲೇ

ಕಾರು ಹಳೆಯದಾದರೆ ಒಂದಲ್ಲ ಒಂದು ದಿನ ಮಿಸ್ಸಿಂಗ್ ಹೊಡೆಯುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ತಡವರಿಸುತ್ತದೆ, ಸೀಟೆಲ್ಲ ನಡುಗುತ್ತದೆ, ‘ಚೆಕ್ ಇಂಜಿನ್’ ದೀಪ ಹತ್ತಿಕೊಳ್ಳುತ್ತದೆ. ಡೌನರ್ಸ್ ಗ್ರೋವ್‌ನಲ್ಲಿ ಇದನ್ನು ಹಾಗೇ ಬಿಡುವಂತಿಲ್ಲ. ಇಲ್ಲಿ ಎಮಿಷನ್ ಟೆಸ್ಟ್ ಕಡ್ಡಾಯ, ಆ ದೀಪ ಉರಿಯುತ್ತಿದ್ದರೆ ಗಾಡಿ ಫೇಲು.

ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಮನೆಗೆ ತರಬಹುದು. ಮಿನುಗುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ. ಉರಿಯದ ಪೆಟ್ರೋಲ್ ಹೊಗೆಯ ದಾರಿಗೆ ಹೋಗಿ ಕೆಟಲಿಟಿಕ್ ಕನ್ವರ್ಟರನ್ನು ಕಾಯಿಸಿ ಹಾಳುಮಾಡುತ್ತದೆ. ಅದರ ಬೆಲೆ ಕೇಳಿದರೆ ನಿಮಗೇ ಮಿಸ್ಸಿಂಗ್ ಶುರುವಾಗುತ್ತದೆ.

ಮೆಕ್ಯಾನಿಕ್‌ಗೆ ಫೋನ್ ಮಾಡುವ ಮುಂಚೆ ಮಗುವನ್ನು ಗ್ಯಾರೇಜಿಗೆ ಕರೆಯಿರಿ. ನಮ್ಮ ಮಕ್ಕಳ ಕನ್ನಡ ಹೆಚ್ಚಾಗಿ ಊಟದ ಮೇಜಿನ ಹತ್ತಿರವೇ ನಿಂತುಬಿಡುತ್ತದೆ: ಬೇಕು, ಬೇಡ, ಸಾಕು. ಕಾರಣ ಹುಡುಕುವ ಕೆಲಸ ಬಂದ ಕೂಡಲೇ ಇಂಗ್ಲಿಷ್. ‘ಹೀಗಿದ್ದರೆ ಹಾಗಾಗಬೇಕು’ ಎಂದು ಕನ್ನಡದಲ್ಲಿ ಯೋಚಿಸುವ ಸಂದರ್ಭವೇ ಕಡಿಮೆ. ಈ ರಿಪೇರಿಯಲ್ಲಿ ಬೇರೆ ಥರದ ವಾಕ್ಯವೇ ಇಲ್ಲ.

1996ರ ಮಾಡೆಲ್‌ನಿಂದೀಚೆಗೆ ಅಮೆರಿಕದಲ್ಲಿ ಮಾರಾಟವಾದ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ. ಅಗ್ಗದ ಕೋಡ್ ರೀಡರ್ ಸಿಕ್ಕಿಸಿ, ಮಗುವೇ ಓದಲಿ. ಪಿ0302 ಎಂದರೆ ಎರಡನೇ ಸಿಲಿಂಡರ್. ಪಿ0300 ಎಂದರೆ ಅಲ್ಲೊಮ್ಮೆ ಇಲ್ಲೊಮ್ಮೆ. ಆಗ ಬಿರುಕುಬಿಟ್ಟ ವ್ಯಾಕ್ಯೂಮ್ ಪೈಪ್ ಏನಾದರೂ ಇದೆಯೇ ಎಂದು ಮೊದಲು ನೋಡಿ. ಕೋಡ್ ಜಾಗ ಹೇಳುತ್ತದೆ, ಕಾರಣ ಹೇಳುವುದಿಲ್ಲ. ಕಿಡಿ, ಪೆಟ್ರೋಲ್, ಕಂಪ್ರೆಷನ್ ಇವುಗಳಲ್ಲಿ ಯಾವುದು ಕೈಕೊಟ್ಟಿದೆ ಎಂದು ನಾವೇ ಹುಡುಕಬೇಕು.

ಇಂಜಿನ್ ಆರಿಸಿ, ತಣ್ಣಗಾಗಲು ಬಿಡಿ. ಪ್ರತಿ ಪ್ಲಗ್ ಮೇಲೂ ಒಂದೊಂದು ಕಾಯಿಲ್ ಇರುವ ಗಾಡಿಯಾದರೆ, ಎರಡನೇ ಸಿಲಿಂಡರಿನ ಕಾಯಿಲನ್ನು ಮೂರಕ್ಕೆ, ಮೂರರದನ್ನು ಎರಡಕ್ಕೆ ಹಾಕಿ. ಬೇರೇನನ್ನೂ ಮುಟ್ಟಬೇಡಿ, ಒಮ್ಮೆಗೆ ಒಂದೇ ಬದಲಾವಣೆ. ಕೋಡ್ ಅಳಿಸಿ. ಸ್ಟಾರ್ಟ್ ಮಾಡುವ ಮುಂಚೆ ಕೇಳಿ: “ಈಗ ಯಾವ ನಂಬರ್ ಬರತ್ತೆ?” ಅವಸರ ಮಾಡಬೇಡಿ. “ಕಾಯಿಲ್ ಕೆಟ್ಟಿದ್ರೆ ಮೂರು ಬರತ್ತೆ” ಅಂದರೆ ಸಾಕು. ಕಾಯಿಲ್ ಇಂಗ್ಲಿಷ್ ಆದರೇನು, ಆ ‘ಇದ್ರೆ’ ಕನ್ನಡದ್ದು. (ಹುಡ್ ಅಲ್ಲ ಬಾನೆಟ್, ಗ್ಯಾಸ್ ಅಲ್ಲ ಪೆಟ್ರೋಲ್ ಎಂದು ಹೇಳಿಕೊಟ್ಟರೆ ಅವೂ ಕನ್ನಡ ಪದಗಳೇ ಎಂದು ಮಕ್ಕಳು ನಂಬುತ್ತಾರೆ. ನಂಬಲಿ ಬಿಡಿ.)

ಸ್ವಲ್ಪ ಓಡಿಸಿದ ಮೇಲೆ ಪಿ0303 ಬಂದರೆ ಕಾಯಿಲ್ ಬದಲಿಸಿ. ಮತ್ತೆ ಪಿ0302 ಬಂದರೆ ಕಾಯಿಲ್ ನಿರಪರಾಧಿ. ಇದೇ ರೀತಿ ಪ್ಲಗ್‌ಗಳ ಅದಲುಬದಲು. ಪ್ಲಗ್ ಕೂರುವ ಗುಂಡಿಯಲ್ಲಿ ಎಣ್ಣೆ ನಿಂತಿದ್ದರೆ ಮೇಲಿನ ಗ್ಯಾಸ್ಕೆಟ್ ಸೋರುತ್ತಿದೆ ಎಂದು ಗುಮಾನಿ. ಎರಡೂ ಸರಿಯಿದ್ದರೆ ಉಳಿದದ್ದು ಇಂಜೆಕ್ಟರ್ ಅಥವಾ ಕಂಪ್ರೆಷನ್. ಅಲ್ಲಿಂದ ಮುಂದೆ ಮೆಕ್ಯಾನಿಕ್ಕೇ ನೋಡಲಿ.

ಎಮಿಷನ್ ಟೆಸ್ಟಿನ ಹಿಂದಿನ ದಿನ ಕೋಡ್ ಅಳಿಸಬೇಡಿ. ಕಾರಿನ ಕಂಪ್ಯೂಟರ್ ತನ್ನ ತಪಾಸಣೆಗಳನ್ನು ಮತ್ತೆ ಮುಗಿಸಲು ಕೆಲವು ದಿನಗಳ ಓಡಾಟ ಬೇಕು. ಆ ಬಿಡುವಿನಲ್ಲಿ ಊರಿಗೆ ಫೋನ್ ಮಾಡಿ, ಏನೇನು ಮಾಡಿದೆವೆಂದು ಮಗುವೇ ಅಜ್ಜನಿಗೆ ಹೇಳಲಿ. “ಕಾರ್ಬುರೇಟರ್ ಕ್ಲೀನ್ ಮಾಡಿದ್ರಾ?” ಎಂದು ಅಜ್ಜ ಕೇಳಿಯೇ ಕೇಳುತ್ತಾರೆ. ಇಂಜೆಕ್ಷನ್ ಗಾಡಿಯಲ್ಲಿ ಅದು ಯಾಕಿಲ್ಲ ಎಂದು ವಿವರಿಸುವ ಕೆಲಸವನ್ನೂ ಮಗುವಿಗೇ ಬಿಡಿ.