ಕಟ್ಟಿ ಬೀಳಿಸುವುದಕ್ಕೂ ಅಂಕ ಕೊಡಿ

ಸೈಕಲ್ಲಿನ ವಾಲ್ ಟ್ಯೂಬಿನ ಸಣ್ಣ ತುಂಡುಗಳಿಗೆ ನಾಲ್ಕು ಬೆಂಕಿಕಡ್ಡಿ ಸಿಕ್ಕಿಸಿ ಚೌಕ ಮಾಡಿ. ಬೆರಳು ತಾಗಿದರೆ ಸಾಕು, ಓರೆಯಾಗುತ್ತದೆ. ಮೂರೇ ಕಡ್ಡಿಯಲ್ಲಿ ತ್ರಿಕೋನ ಮಾಡಿದರೆ ಎಷ್ಟು ಒತ್ತಿದರೂ ಆಕಾರ ಬಿಡುವುದಿಲ್ಲ. ಚೌಕವನ್ನೂ ಹಾಗೆ ಗಟ್ಟಿ ಮಾಡಬೇಕಾದರೆ ಮೂಲೆಯಿಂದ ಮೂಲೆಗೆ ಇನ್ನೊಂದು ಕಡ್ಡಿ ಬೇಕು. ಆದರೆ ಬೆಂಕಿಕಡ್ಡಿ ಅಲ್ಲಿಗೆ ಎಟಕುವುದಿಲ್ಲ! ಮಕ್ಕಳು ಪೊರಕೆಕಡ್ಡಿ ತಂದು ಮುರಿದು ನೋಡುತ್ತಾರೆ. ಬದಿ ಐದು ಸೆಂಟಿಮೀಟರ್ ಇದ್ದರೆ ಕರ್ಣ ಸುಮಾರು ಏಳು. ಪೈಥಾಗೊರಸನ ಪ್ರಮೇಯ ಹೀಗೆ ಕೈಗೆ ಸಿಕ್ಕ ಮೇಲೆ ಹಂಚಿನ ಮನೆಯ ಮಾಡು, ರೈಲ್ವೆ ಸೇತುವೆ, ಮೊಬೈಲ್ ಟವರುಗಳಲ್ಲೆಲ್ಲ ಅವರಿಗೆ ತ್ರಿಕೋನವೇ ಕಾಣತೊಡಗುತ್ತದೆ. ಎಂಜಿನಿಯರಿಂಗ್ ಎಂದರೆ ಇದೇ. ಅದಕ್ಕೆ ಸಿಇಟಿ ರ‍್ಯಾಂಕ್ ಬರುವತನಕ ಕಾಯಬೇಕಿಲ್ಲ.

ಈ ಕಡ್ಡಿಯಾಟವನ್ನು ಶಾಲೆಗಳಲ್ಲಿ ಹರಡಿದ ಅರವಿಂದ ಗುಪ್ತಾ ಕಾನ್ಪುರ ಐಐಟಿಯಲ್ಲಿ ಓದಿದವರು. ಟ್ರಕ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅವರು 1978ರಲ್ಲಿ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದಿಗೆ ಹೋದರು. ಅಲ್ಲಿ 1972ರಲ್ಲೇ 16 ಶಾಲೆಗಳಲ್ಲಿ ಹೊಸ ಬಗೆಯ ವಿಜ್ಞಾನ ಪಾಠ ಶುರುವಾಗಿತ್ತು. ಪುಸ್ತಕದಲ್ಲಿ ಸಿದ್ಧ ಉತ್ತರಗಳಿರಲಿಲ್ಲ. ಮಕ್ಕಳೇ ಗುಂಪಿನಲ್ಲಿ ಪ್ರಯೋಗ ಮಾಡಿ ಕಂಡದ್ದನ್ನು ಬರೆಯಬೇಕಿತ್ತು. ಪರೀಕ್ಷೆಗೆ ಪುಸ್ತಕ ಒಯ್ಯಬಹುದಿತ್ತು, ಪ್ರಯೋಗಕ್ಕೂ ಅಂಕವಿತ್ತು. ನನ್ನ ದೃಷ್ಟಿಯಲ್ಲಿ ಆ ಕೆಲಸ ಮೂವತ್ತು ವರ್ಷ ಬಾಳಿದ್ದಕ್ಕೆ ದೊಡ್ಡ ಕಾರಣವೇ ಪರೀಕ್ಷೆಯನ್ನು ಬದಲಿಸಿದ್ದು. 2002ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಲ್ಲಿಸಿತು. ದೇಶದ ಶಾಲಾ ಶಿಕ್ಷಣಕ್ಕೆ ಅದು ದೊಡ್ಡ ನಷ್ಟ.

ಈಗ ನಮ್ಮಲ್ಲಿ ಅಟಲ್ ಟಿಂಕರಿಂಗ್ ಲ್ಯಾಬುಗಳಿವೆ. 2016ರಲ್ಲಿ ಆರಂಭವಾದ ಯೋಜನೆ; ಒಂದೊಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ. ಸರ್ಕಾರಿ ಶಾಲೆಗಳಲ್ಲಿ ಇನ್ನೂ 50 ಸಾವಿರ ಲ್ಯಾಬ್ ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಹೇಳಿತು. ಹಳ್ಳಿಯ ಹುಡುಗಿಯೊಬ್ಬಳ ಕೈಗೆ ಸೆನ್ಸರ್, ತ್ರೀಡಿ ಪ್ರಿಂಟರ್ ಸಿಗುವುದು ಸಂತೋಷದ ಸಂಗತಿಯೇ. ಆದರೆ ವೇಳಾಪಟ್ಟಿಯಲ್ಲಿ ಹೊತ್ತಿಲ್ಲದಿದ್ದರೆ, ಮೇಷ್ಟ್ರು ಸಿಲಬಸ್ ಮುಗಿಸುವ ಆತಂಕದಲ್ಲೇ ಇದ್ದರೆ, ಆ ಕೋಣೆಯ ಬೀಗ ತೆರೆಯುವುದು ಅಧಿಕಾರಿಗಳು ಬಂದ ದಿನ ಮಾತ್ರ. ಕೋಣೆ ಆಮೇಲೆ ಬರಲಿ, ಮೊದಲು ಹೊತ್ತು ಮತ್ತು ಅಂಕ ಬರಲಿ.

ನಮ್ಮ ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ 20 ಆಂತರಿಕ ಅಂಕಗಳಿವೆ. ಅಂಗಡಿಯಿಂದ ತಂದ ಥರ್ಮಾಕೋಲ್ ಮಾದರಿಗೂ ಅದರಲ್ಲಿ ಅಂಕ ದಕ್ಕುವುದುಂಟು. ಅದರ ಬದಲು ಮಗು ತಾನೇ ಕಟ್ಟಿದ ಸೇತುವೆಗೆ, ಅದು ಮೊದಲ ಸಲ ಯಾಕೆ ಕುಸಿಯಿತು, ಎರಡನೇ ಸಲ ಏನು ಬದಲಿಸಿದೆ ಎಂದು ಬರೆದ ಪುಟಕ್ಕೆ ಅಂಕ ಕೊಡಲಿ. ಆರರಿಂದ ಎಂಟನೇ ತರಗತಿಗೆ ವಾರಕ್ಕೊಮ್ಮೆ ಜೋಡಿ ಪೀರಿಯಡ್ ಮೀಸಲಿಡಲಿ. ಶಿಕ್ಷಣ ಇಲಾಖೆ ಇದಕ್ಕಾಗಿ ಕೇಂದ್ರದ ಅನುದಾನಕ್ಕೆ ಕಾಯಬೇಕಾಗಿಲ್ಲ. ಮುಂದಿನ ಜೂನ್‌ನಿಂದಲೇ ಶುರುಮಾಡಬಹುದು, ಮಾಡಬೇಕು.